ಎಲೆಕ್ಟ್ರಾನಿಕ್ ಟೂರ್ನಿಕೆಟ್: ಆರು ವರ್ಷ ಬಳಸಿದ ಮೇಲೆ

ಜಿಲ್ಲಾ ಆಸ್ಪತ್ರೆಯೊಂದರ ಮೂಳೆ ವಿಭಾಗದ ಓಟಿಯಲ್ಲಿ (ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ) ನಾನು ಶುಶ್ರೂಷಾಧಿಕಾರಿ. ಕೈಕಾಲಿಗೆ ಗಾಳಿ ತುಂಬುವ ಕಫ್ ಕಟ್ಟಿ ರಕ್ತದ ಹರಿವನ್ನು ತಡೆಯುವ ಈ ಯಂತ್ರವನ್ನು ಆರು ವರ್ಷಗಳಿಂದ ಬಳಸುತ್ತಿದ್ದೇನೆ.

ಮೊದಲು ನಮ್ಮಲ್ಲಿದ್ದದ್ದು ಕೈಪಂಪಿನದು. ಗಾಳಿ ಮೆಲ್ಲನೆ ಸೋರಿ, ಶಸ್ತ್ರಚಿಕಿತ್ಸೆಯ ನಡುವೆ ಗಾಯದಲ್ಲಿ ರಕ್ತ ಒಸರತೊಡಗುತ್ತಿತ್ತು. ಒತ್ತಡ ಅರೆಬರೆಯಾದರೆ ಅಪಧಮನಿಯಿಂದ ರಕ್ತ ಒಳಬರುತ್ತದೆ, ಅಭಿಧಮನಿಯಿಂದ ಹೊರಹೋಗುವುದಿಲ್ಲ. ಕಫ್ ಕಟ್ಟದೇ ಇರುವುದೇ ಅದಕ್ಕಿಂತ ಮೇಲು. ಈ ಯಂತ್ರ ಸೋರಿದಷ್ಟು ಗಾಳಿಯನ್ನು ತಾನೇ ತುಂಬಿಕೊಳ್ಳುತ್ತದೆ.

ಆಗ ಎಲ್ಲರ ತೋಳಿಗೂ 250, ಎಲ್ಲರ ತೊಡೆಗೂ 300 ಮಿಲಿಮೀಟರ್ (ಪಾದರಸದ) ಒತ್ತಡ. ಬಡಕಲು ಅಜ್ಜಿಗೂ ಅಷ್ಟೇ, ಗಾರೆ ಕೆಲಸದ ಗಟ್ಟಿಗನಿಗೂ ಅಷ್ಟೇ. ಈಗ ಬೆರಳಿಗೆ ಸಂವೇದಕ ಸಿಕ್ಕಿಸಿದರೆ ಆ ರೋಗಿಯ ರಕ್ತ ಯಾವ ಒತ್ತಡಕ್ಕೆ ನಿಲ್ಲುತ್ತದೆ ಎಂಬುದನ್ನು ಯಂತ್ರ ಅಳೆಯುತ್ತದೆ. ಅದು 130ರ ಒಳಗಿದ್ದರೆ 40, 190ರವರೆಗೆ 60, ಅದಕ್ಕೂ ಮೇಲಾದರೆ 80 ಸೇರಿಸುತ್ತೇವೆ. ಬಹುಪಾಲು ರೋಗಿಗಳಿಗೆ ಹಳೆಯ ಅಳತೆಗಿಂತ ಕಡಿಮೆಯೇ ಸಾಕಾಗುತ್ತದೆ. ಹೆಚ್ಚುವರಿ ಒತ್ತಡ ನರವನ್ನು ಹಿಂಡುತ್ತದೆಯಾದ್ದರಿಂದ ಇದು ಸಣ್ಣ ಲಾಭವಲ್ಲ. ಅಗಲವಾದ ಕಫ್ ಕೊಂಡರೆ ಇನ್ನೂ ಕಡಿಮೆ ಒತ್ತಡ ಸಾಕಾಗುತ್ತದೆ, ಇನ್ನೂ ಒಳ್ಳೆಯದು.

ನಾನು ಅತಿ ಹೆಚ್ಚು ನೆಚ್ಚಿರುವುದು ಅದರ ಗಡಿಯಾರವನ್ನು. ಗಾಳಿ ತುಂಬಿ ಒಂದು ತಾಸಾದಾಗ ಗಂಟೆ ಬಾರಿಸುತ್ತದೆ, ನಾನು ಗಟ್ಟಿಯಾಗಿ ಹೇಳುತ್ತೇನೆ. ಎರಡು ತಾಸು ಸಮೀಪಿಸಿದಾಗ "ಇನ್ನೈದೇ ನಿಮಿಷ, ಸಿಸ್ಟರ್" ಎನ್ನುವ ವೈದ್ಯರಿದ್ದಾರೆ. "ಸರ್, ಗಾಳಿ ಬಿಡೋಣ, ಹದಿನೈದು ನಿಮಿಷ ಕಾಲಿಗೆ ರಕ್ತ ಹರಿಯಲಿ" ಎನ್ನಲು ಪರದೆಯ ಮೇಲಿನ ಅಂಕಿ ನನಗೆ ಬಲ ಕೊಡುತ್ತದೆ.

ಆದರೆ ಕಫ್ ಅಡಿಯಲ್ಲಿ ಏನಾಗುತ್ತಿದೆ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ. ಮೊದಲ ವರ್ಷ ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ದ್ರಾವಣ ಕಫ್ ಕೆಳಗಿನ ಹತ್ತಿಗೆ ಇಳಿದು, ಒಬ್ಬ ತಾಯಿಯ ತೊಡೆಯ ಮೇಲೆ ಬೊಬ್ಬೆಗಳೆದ್ದವು. ತಪ್ಪು ನಮ್ಮದೇ. ಅಂದಿನಿಂದ ಹತ್ತಿಯನ್ನು ಸುಕ್ಕಿಲ್ಲದಂತೆ ಸುತ್ತಿ, ಕಫ್ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಅಂಟಿಸದೆ ದ್ರಾವಣ ಮುಟ್ಟಲು ಯಾರಿಗೂ ಬಿಟ್ಟಿಲ್ಲ. ಪ್ರತಿಜೀವಕವನ್ನೂ ಗಾಳಿ ತುಂಬುವ ಮೊದಲೇ ಕೊಟ್ಟು ಮುಗಿಸಿರಬೇಕು. ಆಮೇಲೆ ಕೊಟ್ಟದ್ದು ಆ ಕಾಲಿಗೆ ತಲುಪುವುದಿಲ್ಲ.

ದೂರುಗಳೂ ಇವೆ. ಮೂರನೇ ವರ್ಷಕ್ಕೆ ಬ್ಯಾಟರಿ ಸೋತಿತು. ಕಫ್‌ನ ವೆಲ್ಕ್ರೋ ತೊಳೆದು ತೊಳೆದು ಹಿಡಿತ ಕಳೆದುಕೊಂಡಿದೆ.

ಕೊಳ್ಳುವವರಿಗೆ ಇನ್ನೊಂದು ಮಾತು. ಗಾಳಿ ಬಿಡುವ ಮುನ್ನ ಅರಿವಳಿಕೆ ವೈದ್ಯರಿಗೆ ಹೇಳಿ, ರಕ್ತದೊತ್ತಡ ಕುಸಿಯಬಹುದು. ಬಿಟ್ಟ ಕೂಡಲೇ ಕಫ್ ಜೊತೆಗೆ ಹತ್ತಿಯನ್ನೂ ಬಿಚ್ಚಿ. ಉಳಿದ ಹತ್ತಿಯೇ ಅಭಿಧಮನಿಯನ್ನು ಬಿಗಿಯಬಲ್ಲದು. ಬೆರಳುಗಳಿಗೆ ಬಣ್ಣ ಮರಳುವವರೆಗೆ ಹಾಸಿಗೆಯ ಬಳಿಯೇ ನಿಂತಿರಿ.