ಜೊಲ್ಲೋ, ಪಾಕೆಟ್ಟಿನ ಪಟ್ಟಿಯೋ? ವಸಡು ರೋಗದ ವೆಸಿಕಲ್ ಹುಡುಕಾಟದಲ್ಲೊಂದು ಹೋಲಿಕೆ

ಪ್ರೋಬ್ ಎಂಬ ಅಳತೆಕಡ್ಡಿ ಹಾಕಿ ಪಾಕೆಟ್ಟಿನ, ಅಂದರೆ ವಸಡು ಹಲ್ಲಿನಿಂದ ಬಿಟ್ಟು ಆದ ಸಂದಿನ, ಆಳ ಅಳೆದರೆ ಸಿಗುವುದು ಆಗಿಹೋದ ನಷ್ಟದ ಲೆಕ್ಕ. ಉರಿಯೂತ ಈಗಲೂ ನಡೆದಿದೆಯೇ ಎಂದು ತಿಳಿಯಲು ಜೀವಕೋಶಗಳು ಹೊರಗೆ ಬಿಡುವ ಕಿರುಚೀಲಗಳನ್ನು, ಅಂದರೆ ವೆಸಿಕಲ್‌ಗಳನ್ನು ನೋಡುತ್ತಾರೆ. ಸಣ್ಣವು ಸುಮಾರು 30ರಿಂದ 150 ನ್ಯಾನೊಮೀಟರ್. ಒಳಗೆ ಪ್ರೋಟೀನು, ಜೀನ್‌ಗಳ ಕೆಲಸ ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕು, ಅಂದರೆ ಮೈಕ್ರೋಆರ್‌ಎನ್‌ಎ. ಹಾಸನ, ಚಿಕ್ಕಮಗಳೂರಿನ ಕಡೆ ಕ್ಯಾಂಪ್ ಹಾಕಿ ಜೊಲ್ಲನ್ನೂ ವಸಡಿನ ಸಂದಿನ ದ್ರವವನ್ನೂ ಒಂದೇ ಬಾಯಿಂದ ತೆಗೆದರೆ ಎರಡರ ಗುಣವೂ ಬೇರೆ, ತಾಪತ್ರಯವೂ ಬೇರೆ.

ಜೊಲ್ಲು ತೆಗೆಯುವುದು ಸಲೀಸು. ತಿಂಡಿಗೆ ಮುಂಚೆ, ಹಲ್ಲುಜ್ಜಿ ಒಂದು ಗಂಟೆಯಾದ ಮೇಲೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ ಹತ್ತು ನಿಮಿಷ ಕಾಯಬೇಕು. ಆಮೇಲೆ ತಲೆ ಬಗ್ಗಿಸಿ, ತಾನಾಗಿ ಊರಿದ್ದನ್ನು ಐಸ್‌ನಲ್ಲಿಟ್ಟ ಟ್ಯೂಬಿಗೆ ಬಿಡಿಸಬೇಕು. ಕ್ಯಾಕರಿಸಿದರೆ ಕಫ ಸೇರುತ್ತದೆ. ನಿಮಿಷಕ್ಕೆ 0.3–0.4 ಎಂಎಲ್ ಊರುವುದರಿಂದ 3 ಎಂಎಲ್‌ಗೆ ಹತ್ತು ನಿಮಿಷ ಹಿಡಿಯುತ್ತದೆ.

ಇಲ್ಲಿಯ ದೊಡ್ಡ ತಲೆನೋವು ಎಲೆ ಅಡಿಕೆ. ಎಷ್ಟು ಮುಕ್ಕಳಿಸಿದರೂ ಜೊಲ್ಲು ಕೆಂಪಗೇ ಬರುತ್ತದೆ. ಅದು ಅಡಿಕೆಯ ಬಣ್ಣವೋ ವಸಡಿನ ರಕ್ತವೋ ಕಣ್ಣಿಗೆ ತಿಳಿಯದು. ರಕ್ತವಾದರೆ ಕೆಂಪುಕಣ, ಪ್ಲೇಟ್‌ಲೆಟ್‌ಗಳ ವೆಸಿಕಲ್‌ಗಳೂ ಬೆರೆತಂತೆ. ಅಡಿಕೆಯಾದರೆ ಅದರ ಟ್ಯಾನಿನ್ ಪ್ರೋಟೀನಿಗಂಟಿ ಗರಣೆ ಕಟ್ಟಿಸುತ್ತದೆ, ಪ್ರೋಟೀನು ಎಷ್ಟಿದೆಯೆಂದು ನೋಡುವ ಬಿಸಿಎ ಅಳತೆಯನ್ನೂ ಕೆಡಿಸುತ್ತದೆ. ಬಣ್ಣ ಕಂಡ ಸ್ಯಾಂಪಲ್ಲನ್ನು ಮುಲಾಜಿಲ್ಲದೆ ಚೆಲ್ಲುವುದೇ ಲೇಸು.

ಲೋಳೆ ಸಡಿಲಾಗಲು ಅಷ್ಟೇ ಅಳತೆಯ ತಣ್ಣನೆಯ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರು) ಬೆರೆಸಿ, ಸೆಂಟ್ರಿಫ್ಯೂಜಿನಲ್ಲಿ 4 ಡಿಗ್ರಿಯಲ್ಲಿ 300 ಜಿ (ಭೂಮಿಯ ಸೆಳೆತದ 300 ಪಟ್ಟು) 15 ನಿಮಿಷ, 2,600 ಜಿ 15 ನಿಮಿಷ, 10,000 ಜಿ 30 ನಿಮಿಷ ತಿರುಗಿಸಿ, ಪ್ರತಿ ಸಲವೂ ಮೇಲಿನ ತಿಳಿಯನ್ನಷ್ಟೇ ತೆಗೆಯಬೇಕು. ಮೊದಲೆರಡು ಸುತ್ತು ಕ್ಯಾಂಪಿನಲ್ಲೇ ಆಗಬೇಕು. ಅದಕ್ಕೂ ಮುಂಚೆ ಫ್ರೀಜ್ ಮಾಡಿದರೆ ಜೀವಕೋಶಗಳು ಒಡೆದು, ಅವುಗಳ ಚೂರುಗಳೇ ವೆಸಿಕಲ್ ವೇಷ ಹಾಕುತ್ತವೆ. ಬೆಂಗಳೂರಿಗೆ ಸಾಗಿಸುವುದಾದರೆ ಡ್ರೈ ಐಸ್ ಬೇಕು. ಐಸ್‌ಪ್ಯಾಕಿನಲ್ಲಿ ಹೊರಟ ಫ್ರೀಜ್ ಸ್ಯಾಂಪಲ್ಲು ದಾರಿಯಲ್ಲೇ ಅರೆಬರೆ ಕರಗುತ್ತದೆ.

ಸಂದಿನ ದ್ರವ ಹೀರುವ ಪಟ್ಟಿಯ ಕೆಲಸಕ್ಕೆ ಕೈಪಳಗಬೇಕು. ಹತ್ತಿ ಉಂಡೆಯಿಟ್ಟು ಜೊಲ್ಲು ತಡೆದು, ಹಲ್ಲಿನ ಮೇಲಿನ ಪಾಚಿ ಒರೆಸಿ, ಗಾಳಿಯಲ್ಲಿ ಒಣಗಿಸಿ, ಕಾಗದದ ಪಟ್ಟಿಯನ್ನು ಸಂದಿಗೆ 1–2 ಮಿಮೀ ತೂರಿಸಿ 30 ಸೆಕೆಂಡ್ ಬಿಡಬೇಕು. ರಕ್ತ ತಾಗಿದ ಪಟ್ಟಿ ಕಸಕ್ಕೆ. ಪ್ರೋಬ್ ಹಾಕುವುದು ಇದಾದ ಮೇಲೆಯೇ. ಆರೋಗ್ಯದ ವಸಡಿನಲ್ಲಿ ಸಿಗುವುದು 1 ಮೈಕ್ರೋಲೀಟರಿಗಿಂತಲೂ ಕಡಿಮೆ. ಅದರಲ್ಲಿ ಬೇಕಾದ ಪ್ರೋಟೀನನ್ನು ಗುರುತಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆ ಕನಸೇ ಸರಿ. ನಾಲ್ಕು ಪಟ್ಟಿ ಒಟ್ಟಿಗೆ ನೆನೆಸಿದರೆ ಸರಕೇನೋ ಹೆಚ್ಚುತ್ತದೆ, ಆದರೆ ಯಾವ ಹಲ್ಲಿನದು ಎಂಬ ಸುಳಿವು, ಅಂದರೆ ಪಟ್ಟಿಯ ಇಡೀ ಲಾಭ, ಕೈತಪ್ಪುತ್ತದೆ. ಇನ್ನೊಂದು ಮೋಸವಿದೆ: ಉರಿಯೂತದಲ್ಲಿ ದ್ರವವೇ ಹೆಚ್ಚು ಒಸರುವುದರಿಂದ, ಎಂಎಲ್ ಲೆಕ್ಕದಲ್ಲಿ ಇಳಿದಂತೆ ಕಂಡ ವೆಸಿಕಲ್ ಎಣಿಕೆ 30 ಸೆಕೆಂಡಿನ ಪಟ್ಟಿಯ ಲೆಕ್ಕದಲ್ಲಿ ಏರಿರಬಹುದು. ಎರಡನ್ನೂ ಬರೆದಿಡಿ.

ವೆಸಿಕಲ್‌ಗಳನ್ನು ಬೇರ್ಪಡಿಸುವುದರಲ್ಲಿ, ಅವುಗಳನ್ನು ತಳಕ್ಕಿಳಿಸುವ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಅಗ್ಗ, ಆದರೆ ಜೊಲ್ಲಿನ ಪ್ರೋಟೀನುಗಳಾದ ಮ್ಯೂಸಿನ್, ಅಮೈಲೇಸ್ ಎಲ್ಲವನ್ನೂ ಗುಡಿಸಿ ತಳಕ್ಕೆ ಹಾಕುತ್ತದೆ. 1,00,000 ಜಿಯಲ್ಲಿ ತಿರುಗಿಸೋಣವೆಂದರೆ ಅಲ್ಟ್ರಾಸೆಂಟ್ರಿಫ್ಯೂಜ್ ಇದ್ದೂರಿಗೆ ಹೋಗಬೇಕು. ಜೊಲ್ಲಿಗೆ ನಮ್ಮ ಮತ ಗಾತ್ರದಂತೆ ಸೋಸುವ ಕಾಲಮ್ಮಿಗೆ: ದ್ರವ ತನ್ನ ಭಾರಕ್ಕೇ ಇಳಿಯುವುದರಿಂದ ಮಲೆನಾಡಿನ ಮಳೆಗೆ ಕರೆಂಟು ಹೋದರೂ ಅದು ನಿಲ್ಲುವುದಿಲ್ಲ.

ಯಾವ ದಾರಿ ಹಿಡಿದರೂ ಬರೀ ಕಣಗಳ ಎಣಿಕೆ ನಂಬುವಂತಿಲ್ಲ. ವಸಡು ರೋಗದ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಬ್ಯಾಕ್ಟೀರಿಯಾ ಕೂಡ ಹೆಚ್ಚುಕಮ್ಮಿ ಇದೇ ಗಾತ್ರದ ಚೀಲ ಬಿಡುತ್ತದೆ. ಎಣಿಸುವ ಯಂತ್ರಕ್ಕೆ ಎರಡೂ ಒಂದೇ. ನಮ್ಮ ವೆಸಿಕಲ್‌ಗಳ ಮೈಮೇಲಿರುವ ಸಿಡಿ9, ಸಿಡಿ63, ಸಿಡಿ81 ಪ್ರೋಟೀನುಗಳನ್ನು ಹಿಡಿಯುವ ಮಣಿಗಳಿಂದ ಮನುಷ್ಯರದ್ದನ್ನು ಬೇರೆ ಮಾಡಬೇಕು. ಆದರೆ ವಸಡು ರೋಗಿಗಳ ಜೊಲ್ಲಿನ ವೆಸಿಕಲ್‌ಗಳಲ್ಲಿ ಸಿಡಿ9, ಸಿಡಿ81 ಇಳಿದಿದ್ದನ್ನೂ ಅಧ್ಯಯನ ತೋರಿಸಿದೆ. ಹಾಗಾಗಿ ಮಿಆರ್-140-5ಪಿ, ಮಿಆರ್-146ಎ-5ಪಿಯಂಥ ಮೈಕ್ರೋಆರ್‌ಎನ್‌ಎ ಗುರುತುಗಳನ್ನು ಸಿಡಿ9ರಿಂದ ಭಾಗಿಸಿದರೆ, ಛೇದ ಇಳಿದದ್ದಕ್ಕೇ ರೋಗ ಏರಿದಂತೆ ಕಾಣುತ್ತದೆ.

ಇಡೀ ಬಾಯಿಯ ಸ್ಥಿತಿ ಬೇಕಾದರೆ ಜೊಲ್ಲು, ಕಾಲಮ್ಮು. ಸ್ಕೇಲಿಂಗ್ ಆದ ಮೇಲೆ ಒಂದು ಪಾಕೆಟ್ ಶಮನವಾಯಿತೇ ಎಂದು ನೋಡಲು ಪಟ್ಟಿ: ಅದೇ ಹಲ್ಲು, ಅದೇ ಮಗ್ಗುಲು, ದಿನದ ಅದೇ ಹೊತ್ತು.