ಮಡಿಕೇರಿಯ ಸಂಜೆ ಇಂಗ್ಲಿಷ್ ಕ್ಲಾಸ್: ಆರು ವಾರ ಹೋಗಿ ಬಂದ ಮೇಲೆ

ನಾಪೋಕ್ಲು ಹತ್ತಿರ ನಮ್ಮದು ಮೂರು ರೂಮಿನ ಹೋಂಸ್ಟೇ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ಕನ್ನಡ. ಇಂಗ್ಲಿಷ್ ಬೇಕಾಗುವುದು ಬುಕಿಂಗ್ ಮಾಡಿದವರಿಗೆ ಮೇಲ್ ಬರೆಯುವಾಗ. ಅದಕ್ಕೇ ಈ ಮಳೆಗಾಲದಲ್ಲಿ, ಗೆಸ್ಟ್ ಕಡಿಮೆ ಇರುವ ಹೊತ್ತು ನೋಡಿ, ಮಡಿಕೇರಿಯಲ್ಲಿ ನಿವೃತ್ತ ಟೀಚರ್ ಒಬ್ಬರು ನಡೆಸುವ ಬರವಣಿಗೆ ಕ್ಲಾಸಿಗೆ ಸೇರಿದೆ. ವಾರಕ್ಕೆ ಎರಡು ಸಂಜೆ, ಒಟ್ಟು 2,400 ರೂಪಾಯಿ.

'ನೀವು ಕಳಿಸಿದ ಐದು ಮೇಲ್ ತನ್ನಿ' ಅಂದರು ಮೇಡಂ ಮೊದಲ ದಿನ. ನನ್ನ ಐದರಲ್ಲೂ ಕೊನೆಯ ಸಾಲು ಒಂದೇ: 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ'. ಅವರು 'ಮೀಟ್' ಹೊಡೆದು 'ಮೀಟಿಂಗ್' ಅಂತ ಬರೆದರು. ಯಾಕೆ ಅಂತ ಕೇಳಿದೆ. 'ಟು' ಬಂದರೆ ಮುಂದೆ ಮೀಟ್, ಗೋ, ಸೀ ಅಂತಲೇ ಬರಬೇಕು ಅಂತ ಶಾಲೆಯಲ್ಲಿ ಕಲಿತದ್ದಲ್ವಾ?

ಮೇಡಂ ಬೋರ್ಡಿನಲ್ಲಿ ಕನ್ನಡವನ್ನೇ ಬರೆದರು. 'ನಿಮ್ಮನ್ನು ನೋಡಲು ಆಸೆ' ಸರಿ. 'ನೋಡಲು ಎದುರು ನೋಡುತ್ತೇವೆ' ಅಂದರೆ ಕಿವಿಗೆ ಕೂರಲ್ಲ. 'ನಿಮ್ಮ ಬರವನ್ನು ಎದುರು ನೋಡುತ್ತೇವೆ' ಅಂದರೆ ಕೂರುತ್ತದೆ. ಇಲ್ಲಿಯ 'ಟು' ನಮ್ಮ 'ಅಲು' ಅಲ್ಲ, 'ಅನ್ನು' ಇದ್ದ ಹಾಗೆ. ಅದಕ್ಕೆ ನಾಮಪದವೇ ಬೇಕು. ಕ್ರಿಯಾಪದ ಇಟ್ಟರೆ 'ಇಂಗ್' ಸೇರಿಸಿ ಅದನ್ನು ನಾಮಪದದ ಹಾಗೆ ಮಾಡಬೇಕು. ಅನುಮಾನ ಬಂದರೆ 'ಟು' ಆದ ಮೇಲೆ 'ಯುವರ್ ವಿಸಿಟ್' ಇಟ್ಟು ನೋಡಿ. 'ಲುಕ್ ಫಾರ್ವರ್ಡ್ ಟು ಯುವರ್ ವಿಸಿಟ್' ನಿಲ್ಲುತ್ತದೆ, 'ವಾಂಟ್ ಟು ಯುವರ್ ವಿಸಿಟ್' ನಿಲ್ಲಲ್ಲ. ಹಾಗಾಗಿ 'ವಾಂಟ್ ಟು ಮೀಟ್', ಆದರೆ 'ಲುಕ್ ಫಾರ್ವರ್ಡ್ ಟು ಮೀಟಿಂಗ್'. ಇಷ್ಟು ವರ್ಷದಲ್ಲಿ ಯಾರೂ ನನಗೆ ಇದನ್ನು ಹೀಗೆ ಬಿಡಿಸಿ ಹೇಳಿರಲಿಲ್ಲ. ಕೊಟ್ಟ ದುಡ್ಡು ಆ ಒಂದು ಸಂಜೆಗೇ ಸಂದಿತು.

ಇನ್ನೊಂದು ತಪ್ಪೂ ಸಿಕ್ಕಿತು. ಬಾಕಿ ಹಣ ಕೇಳುವಾಗಲೂ ನಾನು ಇದೇ ಮಾತು ಬರೆಯುತ್ತಿದ್ದೆ. ಇದರಲ್ಲಿ ಖುಷಿಯಿಂದ ಕಾಯುವ ಅರ್ಥ ಇದೆ, ಹಣ ಕೇಳಲು ಬೇಡ ಅಂದರು ಮೇಡಂ. 'ಪ್ಲೀಸ್ ಪೇ ದ ಬ್ಯಾಲೆನ್ಸ್ ಬೈ ಫ್ರೈಡೇ' ಅಂತ ನೇರವಾಗಿ ಬರೆದರೆ ಸಾಕಂತೆ. ಆಫೀಸಿಗೆ ಬರೆಯುವಾಗ 'ಐ ಲುಕ್ ಫಾರ್ವರ್ಡ್', ಗೆಸ್ಟಿಗೆ 'ವೀ ಆರ್ ಲುಕಿಂಗ್ ಫಾರ್ವರ್ಡ್' ಚೆನ್ನ, ಅದರಲ್ಲಿ ಸಲುಗೆ ಜಾಸ್ತಿ.

ಕೊರತೆಯೂ ಇದೆ. ಒಂದು ಸಣ್ಣ ಕೋಣೆಯಲ್ಲಿ ಇಪ್ಪತ್ತೆರಡು ಜನ. ಮೇಲೆ ಶೀಟ್, ಜೋರು ಮಳೆ ಬಂದರೆ ಹಿಂದಿನ ಬೆಂಚಿಗೆ ಏನೂ ಕೇಳಲ್ಲ. ತಿದ್ದಿದ ನೋಟ್‌ಬುಕ್ ಕೈಗೆ ಬರಲು ಒಂದು ವಾರ. ಎರಡು ಸಂಜೆ ಪೂರ್ತಿ ಕೆಲಸದ ಅರ್ಜಿಗೇ ಹೋಯಿತು, ನನಗದು ಬೇಕಿರಲಿಲ್ಲ.

ತೋಟ ಇರುವವರು ನವೆಂಬರಿಗೆ ಮುಂಚೆಯೇ ಸೇರಿ. ಕೊಯ್ಲು ಶುರುವಾದರೆ ಸಂಜೆ ಬಿಡುವು ಸಿಗಲ್ಲ. ಹೋಗುವಾಗ ನಿಮ್ಮದೇ ಹಳೆಯ ಮೇಲ್ ತೆಗೆದುಕೊಂಡು ಹೋಗಿ. ಪುಸ್ತಕದ ವಾಕ್ಯ ಬಿಟ್ಟು ಮೇಡಂ ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ.