ಮನೇಲೇ ಹೈಸ್ಕೂಲು: ಎನ್‌ಐಒಎಸ್ ಸೆಕೆಂಡರಿ ಕೋರ್ಸ್ ಒಂದು ವರ್ಷ ಬಳಸಿದ ಮೇಲೆ

ಮಗಳನ್ನ ಐದನೇ ಕ್ಲಾಸಿಂದ ಮನೇಲೇ ಓದಿಸ್ತಿದೀವಿ. ಚಿಕ್ಕವಳಿದ್ದಾಗ ಏನು ಓದ್ಸೋದು ಅನ್ನೋ ಚಿಂತೆ ಅಷ್ಟಾಗಿ ಕಾಡ್ಲಿಲ್ಲ, ಕತೆ ಪುಸ್ತಕ, ಲೆಕ್ಕ, ಸಂಗೀತ, ಹಿತ್ತಲಲ್ಲಿ ಗಿಡ ನೆಡೋದು ಅಂತ ದಿನ ಹೋಗೋದು. 14 ತುಂಬೋ ಹೊತ್ತಿಗೆ ಮಾತ್ರ ನಂಗೂ ನಮ್ಮ ಯಜಮಾನ್ರಿಗೂ ನಿದ್ದೆ ಹಾರಿಹೋಯ್ತು, ಹೈಸ್ಕೂಲು ಅಂದ್ಮೇಲೆ ಕೊನೆಗೆ ಒಂದು ಮಾರ್ಕ್ಸ್ ಕಾರ್ಡ್ ಬೇಕು, ನಮ್ಮ ಹತ್ರ ನೋಡಿದ್ರೆ ಟಿಸಿ ಕೂಡ ಇಲ್ಲ.

ಸ್ಕೂಲಿಗೆ ಹೋಗದೇ ಹತ್ತನೇ ಕ್ಲಾಸ್ ಮುಗಿಸೋಕೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಇದೆ ಅಂತ ಗೊತ್ತಾಗಿ, ಅದಕ್ಕೆ ಸೇರಿಸೋಣ ಅಂತ ಮೊದ್ಲು ಒಂದು ಕೋಚಿಂಗ್ ಸೆಂಟರ್‌ಗೆ ಹೋಗಿದ್ವಿ, ಹೆಸರು ಬೇಡ. 40 ಸಾವಿರ ಕೊಡಿ ಮೇಡಂ, ಅಡ್ಮಿಷನ್ನಿಂದ ಹಿಡಿದು ಎಲ್ಲ ನಾವೇ ನೋಡ್ಕೋತೀವಿ, ಅಸೈನ್‌ಮೆಂಟೂ ನಾವೇ ಬರೆದು ಹಾಕ್ತೀವಿ, ನಿಮ್ಮ ಹುಡ್ಗಿ ಪರೀಕ್ಷೆಗೆ ಬಂದ್ರೆ ಸಾಕು ಅಂದ್ರು. ನಂಗೆ ಹೊಟ್ಟೆ ಉರಿದುಹೋಯ್ತು ಕಣ್ರೀ. ಮಗು ತಾನೇ ಕಲೀಲಿ ಅಂತ ಇಷ್ಟು ವರ್ಷ ಮನೇಲಿ ಕೂರಿಸ್ಕೊಂಡು ಕೊನೆಗೆ ಅವಳ ಉತ್ತರ ಯಾರೋ ಬರೆಯೋದಾ? ಎದ್ದು ಬಂದು ಆನ್‌ಲೈನಲ್ಲಿ ನಾವೇ ಅರ್ಜಿ ತುಂಬಿದ್ವಿ, ಮಧ್ಯವರ್ತಿ ಯಾರೂ ಬೇಕಾಗ್ಲಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಎನ್‌ಐಒಎಸ್ ಅಂದ್ರೆ ಕೇಂದ್ರ ಸರ್ಕಾರದ ಓಪನ್ ಸ್ಕೂಲು, 1989ರಲ್ಲಿ ಶುರುವಾಗಿದ್ದು, ರೀಜನಲ್ ಸೆಂಟರ್ ಬೆಂಗಳೂರಲ್ಲೂ ಇದೆ. ಹತ್ತನೇ ಕ್ಲಾಸಿಗೆ ಸಮವಾದ ಸೆಕೆಂಡರಿ ಕೋರ್ಸಿಗೆ 14 ವರ್ಷ ತುಂಬಿರ್ಬೇಕು. ಎಂಟನೇ ಕ್ಲಾಸಿನ ಸರ್ಟಿಫಿಕೇಟ್ ಇಲ್ಲದೆ ಇದ್ರೂ ಈ ಕೋರ್ಸ್ ಓದೋ ಶಕ್ತಿ ಇದೆ ಅಂತ ಬರೆದುಕೊಟ್ರೆ ಆಗುತ್ತೆ, ನಮ್ಮಂಥವ್ರಿಗೆ ಇದೇ ದೊಡ್ಡ ಆಸರೆ. ಸೇರಿದ ಮೇಲೆ ಐದು ವರ್ಷ ಟೈಮು, ಒಂಬತ್ತು ಸಲ ಪಬ್ಲಿಕ್ ಪರೀಕ್ಷೆ ಬರೆಯೋ ಅವಕಾಶ, ಪರೀಕ್ಷೆ ಏಪ್ರಿಲ್-ಮೇ ಒಂದ್ಸಲ, ಅಕ್ಟೋಬರ್-ನವೆಂಬರ್ ಇನ್ನೊಂದ್ಸಲ. ಐದೂ ಸಬ್ಜೆಕ್ಟು ಒಟ್ಟಿಗೇ ಬರೀಬೇಕು ಅಂತೇನಿಲ್ಲ, ಒಂದೊಂದಾಗಿ ಮುಗಿಸ್ಕೊಂಡು ಹೋಗ್ಬಹುದು.

ನಮಗೆ ಪ್ಲಾನ್ ಮಾಡೋಕೆ ದಾರಿ ಸಿಕ್ಕಿದ್ದೇ ಇಲ್ಲಿ. ಐದು ಸಬ್ಜೆಕ್ಟು ಪಾಸಾಗ್ಬೇಕು, ಅದರಲ್ಲಿ ಭಾಷೆ ಒಂದು ಇಲ್ಲಾ ಎರಡು, ಬೇಕಿದ್ರೆ ಮೇಲೆ ಇನ್ನೆರಡು ತಗೋಬಹುದು. ಕನ್ನಡ, ಇಂಗ್ಲಿಷು, ಗಣಿತ, ವಿಜ್ಞಾನ, ಸಮಾಜ ತಗೊಂಡ್ವಿ, ಆರನೇದಾಗಿ ಕರ್ನಾಟಕ ಸಂಗೀತ. ಇವಳು ಏಳು ವರ್ಷದಿಂದ ಪಾಠಕ್ಕೆ ಹೋಗ್ತಿದಾಳೆ, ಸರಳೆ, ಜಂಟಿ ಅನ್ನೋ ಮೊದಲ ಪಾಠಗಳನ್ನ ದಾಟಿ ವರ್ಣಕ್ಕೆ ಬಂದಿದಾಳೆ, ಆ ಶ್ರಮ ಮಾರ್ಕ್ಸ್ ಕಾರ್ಡಲ್ಲಿ ಒಂದು ಸಾಲಾಗಿ ಬರುತ್ತೆ ಅಂದಾಗ ಅವಳ ಮುಖ ನೋಡ್ಬೇಕಿತ್ತು.

ಪುಸ್ತಕ ಫೀಸಲ್ಲೇ ಬರುತ್ತೆ, ವೆಬ್‌ಸೈಟಲ್ಲೂ ಪುಕ್ಕಟೆ ಇಳಿಸ್ಕೋಬಹುದು, ಹಾಗಾಗಿ ಸೇರೋ ಮೊದ್ಲೇ ಒಂದ್ಸಲ ಓದಿ ನೋಡಿ. ನಂಗೆ ತುಂಬಾ ಹಿಡಿಸಿದ್ದು ಪಾಠದ ಮಧ್ಯೆ ಮಧ್ಯೆ ಸಣ್ಣ ಪ್ರಶ್ನೆ ಇಟ್ಟು ಉತ್ತರ ಪಾಠದ ಕೊನೇಲಿ ಕೊಟ್ಟಿರೋದು, ಮಗು ತಾನೇ ಓದಿ ತಾನೇ ತಿದ್ಕೊಳ್ಳುತ್ತೆ, ನಾನು ಪಕ್ಕದಲ್ಲೇ ಕೂರ್ಬೇಕು ಅಂತಿಲ್ಲ. ಗಣಿತಕ್ಕೆ ಮಾತ್ರ ನಮ್ಮ ಹುಡ್ಗಿಗೆ ಇನ್ನೂ ರೂಢಿ ಬೇಕು ಅನ್ನಿಸ್ತು, ಎನ್‌ಸಿಇಆರ್‌ಟಿ ಪುಸ್ತಕದ ಲೆಕ್ಕಗಳನ್ನೂ ಜೊತೆಗೆ ಮಾಡಿಸ್ತಿದೀನಿ. ವಿಜ್ಞಾನದ ಆಮ್ಲ-ಕ್ಷಾರ ಪಾಠ ನಡೀತಿದ್ದಾಗ ಅರಿಶಿನದ ನೀರಲ್ಲಿ ಕಾಗದ ಅದ್ದಿ ಒಣಗಿಸಿ ಅದರ ಮೇಲೆ ಸುಣ್ಣದ ತಿಳಿ ಬಿಟ್ವಿ, ಕೆಂಪಾಯ್ತು, ನಿಂಬೆಹಣ್ಣು ಹಿಂಡಿದ್ರೆ ಮತ್ತೆ ಹಳದಿ. ಪಕ್ಕದಲ್ಲಿ ಹೂ ಕಟ್ತಾ ಕೂತಿದ್ದ ನಮ್ಮತ್ತೆ, "ಅಯ್ಯೋ, ಇದು ಆರತಿ ನೀರಲ್ವೇನೇ" ಅಂದ್ರು. ಹೌದಲ್ವಾ, ಅರಿಶಿನಕ್ಕೆ ಸುಣ್ಣ ಕಲಸಿದ್ರೇ ತಾನೇ ಆರತಿ ನೀರು ಕೆಂಪಾಗೋದು! ಮಗಳು ಅಜ್ಜಿ ಮಾತನ್ನ ಹಾಗೇ ನೋಟ್ಸಲ್ಲಿ ಬರ್ಕೊಂಡ್ಳು.

ಟೈಮ್‌ಟೇಬಲ್ ವಿಷ್ಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. ಸ್ಕೂಲ್ ಥರಾನೇ ದಿನಕ್ಕೆ ಆರು ಪೀರಿಯಡ್ ಹಾಕಿ ಗೋಡೆಗೆ ಅಂಟಿಸಿದ್ದೆ, ಮೂರೇ ವಾರಕ್ಕೆ ಮಗು ಸುಸ್ತು, ಇಬ್ರಿಗೂ ದಿನಾ ಜಗಳ. ಆಮೇಲೆ ಅವಳನ್ನೇ ಕೂರಿಸ್ಕೊಂಡು ಪ್ರತಿ ಪುಸ್ತಕದ ಪಾಠ ಎಣಿಸಿ, ಹಬ್ಬ, ಊರಿಗೆ ಹೋಗೋ ದಿನ ಎಲ್ಲ ಬಿಟ್ಟು ಉಳಿದ ವಾರಗಳಿಗೆ ಹಂಚಿದ್ವಿ. ಈಗ ಬೆಳಿಗ್ಗೆ ಸಂಗೀತದ ಸಾಧಕ, ತಿಂಡಿ ಆದ್ಮೇಲೆ ಗಣಿತ, ಆಮೇಲೆ ದಿನಕ್ಕೆ ಒಂದೇ ಸಬ್ಜೆಕ್ಟು, ಆರಾಮಾಗಿ. ಕನ್ನಡ, ಸಂಗೀತ ಅಕ್ಟೋಬರಲ್ಲಿ ಬರೆದು ಉಳಿದಿದ್ದು ಏಪ್ರಿಲಿಗೆ ಅಂತ ಅವಳೇ ಹೇಳಿದ್ದು.

ಇನ್ನೊಂದು, ಟಿಎಂಎ (ಟ್ಯೂಟರ್ ಮಾರ್ಕ್ಡ್ ಅಸೈನ್‌ಮೆಂಟ್) ಅಂತ ಮನೇಲೇ ಬರೆದು ಕೊಡೋ ಅಸೈನ್‌ಮೆಂಟನ್ನ ಕಡೆಗಣಿಸ್ಬೇಡಿ, ಥಿಯರಿ ಮಾರ್ಕ್ಸಲ್ಲಿ 20 ಪರ್ಸೆಂಟ್ ಅದರದ್ದು. ಯಾವ ಪಾಠ ಟಿಎಂಎಗೆ, ಯಾವುದು ಪಬ್ಲಿಕ್ ಪರೀಕ್ಷೆಗೆ ಅಂತ ಸಿಲಬಸ್ಸಲ್ಲಿ ಬೇರೆ ಬೇರೆ ಮಾಡಿರ್ತಾರೆ, ಅದನ್ನ ಮೊದ್ಲು ನೋಡಿ ಆಮೇಲೆ ವಾರ ಹಂಚಿ. ವಿಜ್ಞಾನ, ಸಂಗೀತ ಎರಡಕ್ಕೂ ಪ್ರಾಕ್ಟಿಕಲ್ ಇದೆ, ಆದ್ರಿಂದ ಅರ್ಜಿ ಹಾಕುವಾಗ ಸ್ಟಡಿ ಸೆಂಟರ್ ಹತ್ರದ್ದೇ ಆರಿಸ್ಕೊಳ್ಳಿ, ಒಂದ್ಸಲ ಖುದ್ದಾಗಿ ಹೋಗಿ ಮಾತಾಡ್ಸಿ.

ಯಾರಿಗೆ ಒಗ್ಗಲ್ಲ ಅಂದ್ರೆ, ಮನೇಲಿ ದಿನಕ್ಕೆ ಒಂದೆರಡು ಗಂಟೆ ಯಾರೂ ಜೊತೆ ಕೊಡೋಕಾಗದೆ ಇದ್ರೆ, ಅಥವಾ ಮಗೂಗೆ ಗೆಳತಿಯರ ಗುಂಪು ಬೇಕೇ ಬೇಕು ಅಂತಿದ್ರೆ, ಪಾಪ ಅದನ್ನ ಸ್ಕೂಲಿಗೇ ಕಳ್ಸಿ. ಓದೋ ಹಂಬಲ ಇರೋ ಮಕ್ಕಳಿಗೆ ಮಾತ್ರ ನಾನು ಕಣ್ಣುಮುಚ್ಚಿ ಐದಕ್ಕೆ ಐದು ಸ್ಟಾರ್ ಕೊಡ್ತೀನಿ. ಮುಂದೆ ಯಾವ ಪಿಯು ಕಾಲೇಜು ಅಂತ ಮನಸಲ್ಲಿದ್ರೆ ಸಬ್ಜೆಕ್ಟ್ ಆರಿಸೋ ಮೊದ್ಲೇ ಅಲ್ಲಿ ಹೋಗಿ ಏನೇನು ಕೇಳ್ತಾರೆ ಅಂತ ವಿಚಾರಿಸಿ, ನಾವು ಎರಡು ಕಾಲೇಜಲ್ಲಿ ಕೇಳ್ಕೊಂಡು ಬಂದೇ ವಿಜ್ಞಾನ, ಗಣಿತ ಎರಡನ್ನೂ ಇಟ್ಕೊಂಡಿದ್ದು.